ಬಾವುಟದಿಂದ ಗೋಡೆಗೆ ನಾಲ್ಕು ಕೈ

ಪ್ರಿಯ ಗೆಳೆಯಾ,

ನಿನ್ನ ಪತ್ರ ಬಂದು ಹದಿನೈದು ದಿನವಾಯಿತು. ಎರಡು ಸಲ ಉತ್ತರ ಬರೆದು ಎರಡು ಸಲವೂ ಹರಿದು ಹಾಕಿದೆ. ಮೊದಲನೆಯದರಲ್ಲಿ ನಿನ್ನನ್ನು ಸುಮ್ಮನೆ ಹೆದರಿಸಿದ್ದೆ. ಎರಡನೆಯದು ಪೂರ್ತಿ ನನ್ನದೇ ಪುರಾಣವಾಗಿತ್ತು. ಇದು ಮೂರನೆಯದು, ಹೇಗಿದ್ದರೂ ಕಳುಹಿಸಿಬಿಡುತ್ತೇನೆ.

ನೀನು ಕೇಳಿದ್ದು ಇಷ್ಟು: ಮಗಳಿಗೆ ಹನ್ನೆರಡು ತುಂಬಿದೆ, ಈಜು ತರಬೇತುದಾರರು 'ಅಂತರರಾಷ್ಟ್ರೀಯ ಮಟ್ಟಕ್ಕೆ ಹೋಗುವ ಹುಡುಗಿ' ಎಂದಿದ್ದಾರೆ, ಮುಂದಿನ ತಿಂಗಳಿನಿಂದ ಬೆಳಿಗ್ಗೆ ಸಂಜೆ ಎರಡೂ ಹೊತ್ತು ನೀರಿಗೆ ಇಳಿಸಬೇಕೆನ್ನುತ್ತಿದ್ದಾರೆ, ಇಳಿಸಲೇ? ಕೊನೆಯಲ್ಲಿ, ಯಾರೂ ಓದದಿರಲಿ ಎನ್ನುವ ಹಾಗೆ ಸಣ್ಣ ಅಕ್ಷರದಲ್ಲಿ, 'ಆ ಚೀನಾದ ಹುಡುಗಿಯನ್ನು ನೋಡಿದರೆ ನಾವು ಈಗಾಗಲೇ ತಡ ಮಾಡಿದೆವೇನೋ' ಎಂದು ಸೇರಿಸಿದ್ದೀಯ. ಅಲ್ಲಿಂದಲೇ ಶುರು ಮಾಡುತ್ತೇನೆ.

ಯು ಝಿದಿ 2025ರಲ್ಲಿ ಸಿಂಗಪುರದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹನ್ನೆರಡನೇ ವಯಸ್ಸಿಗೆ ಮೂರು ಫೈನಲ್‌ಗಳಲ್ಲಿ ನಾಲ್ಕನೆಯವಳಾದಳು. ನಾಲ್ಕೂ ಬಗೆಯ ಈಜು ಸೇರಿದ 200 ಮೀಟರ್ ಮೆಡ್ಲೆಯಲ್ಲಿ ಕಂಚು ತಪ್ಪಿದ್ದು 0.06 ಸೆಕೆಂಡಿನಿಂದ. ರಿಲೇಯ ಹೀಟ್ಸ್‌ನಲ್ಲಿ, ಅಂದರೆ ಫೈನಲ್‌ಗೆ ಮುಂಚಿನ ಸುತ್ತಿನಲ್ಲಿ, ಈಜಿದ್ದರಿಂದ ಒಂದು ಕಂಚೂ ಕೊರಳಿಗೆ ಬಂತು. ಆ ಕೂಟಕ್ಕೆ ಸಾಮಾನ್ಯವಾಗಿ ಹದಿನಾಲ್ಕು ವರ್ಷವಾಗಿರಬೇಕು. ಅರ್ಹತಾ ಸಮಯ ಮುಟ್ಟಿದ ಚಿಕ್ಕವರಿಗೆ ವಿನಾಯಿತಿ ಇದೆ, ಅವಳು ಬಂದದ್ದು ಆ ಬಾಗಿಲಿನಿಂದ. ಅವಳಿಗೆ ಈಜಿನ ಹುಚ್ಚು ಹಿಡಿದದ್ದು ಬೇಸಿಗೆಯ ಸೆಕೆ ತಾಳಲಾರದೆ ವಾಟರ್ ಪಾರ್ಕಿಗೆ ಹೋದಾಗ. ಅದನ್ನು ಯಾರೂ ಯೋಜನೆ ಹಾಕಿ ಮಾಡಿರಲಿಲ್ಲ. ಅವಳನ್ನು ಮುಂದಿಟ್ಟುಕೊಂಡು ನಿನ್ನ ಮಗಳ ಲೆಕ್ಕ ಹಾಕುವುದೆಂದರೆ ಆನೆಯನ್ನು ನೋಡಿ ಮನೆಯ ಬಾಗಿಲಿಗೆ ಅಳತೆ ತೆಗೆದ ಹಾಗೆ.

ನನಗೆ ಹೆಚ್ಚು ನೆನಪಾಗುವವರು ಬೇರೆಯವರು. ಸ್ವೀಡನ್ನಿನ ಸಾರಾ ಶೋಸ್ಟ್ರಮ್ 2008ರಲ್ಲಿ, ಹದಿನಾಲ್ಕನೇ ವಯಸ್ಸಿಗೆ, ಬಟರ್‌ಫ್ಲೈ ಬಗೆಯ ಈಜಿನಲ್ಲಿ ಯುರೋಪಿಗೇ ಮೊದಲಿಗಳಾದಳು. ಅಷ್ಟನ್ನು ಎಲ್ಲರೂ ಹೇಳುತ್ತಾರೆ. 2021ರ ಫೆಬ್ರುವರಿಯಲ್ಲಿ ಮಂಜುಗಡ್ಡೆಯ ಮೇಲೆ ಜಾರಿ ಮೊಣಕೈ ಮುರಿದುಕೊಂಡು, ಅದೇ ವರ್ಷ ಟೋಕಿಯೊದಲ್ಲಿ ಬೆಳ್ಳಿ ಗೆದ್ದು, 2024ರಲ್ಲಿ ಪ್ಯಾರಿಸ್‌ನಲ್ಲಿ ಮೂವತ್ತನೇ ವಯಸ್ಸಿಗೆ 50 ಮತ್ತು 100 ಮೀಟರ್ ಫ್ರೀಸ್ಟೈಲ್ ಎರಡರಲ್ಲೂ ಚಿನ್ನ ಹಿಡಿದಳಲ್ಲ, ಅದನ್ನು ಹೇಳುವವರು ಕಡಿಮೆ. ನಡುವಿನ ಹದಿನಾರು ವರ್ಷ ಆಕೆ ನೀರನ್ನು ದ್ವೇಷಿಸದೆ ಉಳಿದದ್ದೇ ನನಗೆ ಪದಕಕ್ಕಿಂತ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಅಮೆರಿಕದ ಆಂಟನಿ ಎರ್ವಿನ್ ಇನ್ನೂ ವಿಚಿತ್ರ. 2000ದಲ್ಲಿ ಸಿಡ್ನಿಯಲ್ಲಿ 50 ಮೀಟರ್ ಫ್ರೀಸ್ಟೈಲ್‌ನಲ್ಲಿ ತನ್ನ ದೇಶದವನೇ ಆದ ಗ್ಯಾರಿ ಹಾಲ್ ಜೊತೆ 21.98 ಸೆಕೆಂಡಿಗೆ ಗೋಡೆ ಮುಟ್ಟಿ ಚಿನ್ನ ಹಂಚಿಕೊಂಡಾಗ ಅವನಿಗೆ ಹತ್ತೊಂಬತ್ತು. ಇಪ್ಪತ್ತೆರಡಕ್ಕೆ ಈಜು ಬಿಟ್ಟ. ಹಿಂದೂ ಮಹಾಸಾಗರದ ಸುನಾಮಿ ಸಂತ್ರಸ್ತರಿಗೆಂದು ಆ ಚಿನ್ನದ ಪದಕವನ್ನೇ ಹರಾಜು ಹಾಕಿದ. ವರ್ಷಗಟ್ಟಲೆ ಸ್ಪರ್ಧೆಯಿಂದ ದೂರವೇ ಇದ್ದು, ತನ್ನಷ್ಟಕ್ಕೇ ಮರಳಿ ಬಂದು, 2016ರಲ್ಲಿ ರಿಯೊದಲ್ಲಿ ಮೂವತ್ತೈದನೇ ವಯಸ್ಸಿಗೆ ಅದೇ 50 ಮೀಟರ್ ಗೆದ್ದ: 21.40. ಎರಡನೆಯವನಿಗಿಂತ ನೂರನೇ ಒಂದು ಸೆಕೆಂಡು ಮುಂದೆ. ಅವನು ಬಿಟ್ಟುಹೋದಾಗ ಯಾರಾದರೂ ಅವನನ್ನು ಹಿಡಿದು ಮತ್ತೆ ನೀರಿಗೆ ತಳ್ಳಿದ್ದರೆ ಈ ಎರಡನೇ ಚಿನ್ನ ಬರುತ್ತಿತ್ತೇ? ನನಗಂತೂ ಅನುಮಾನ.

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂದು ಬರೆದಿದ್ದೀಯ. ಗಾದೆ ಸರಿ. ಆದರೆ ಈಜಿನಲ್ಲಿ ಬಗ್ಗುವುದು ಭುಜ. ಎರಡೂ ಹೊತ್ತು ಐದೈದು ಸಾವಿರ ಮೀಟರ್ ಎಂದರೆ ವಾರಕ್ಕೆ ಐವತ್ತು ಕಿಲೋಮೀಟರ್ ದಾಟುತ್ತದೆ. ಪ್ರತಿ ಐವತ್ತು ಮೀಟರಿಗೆ ನಲವತ್ತು ಕೈ ಹಾಕುತ್ತಾಳೆ ಎಂದುಕೊಂಡರೂ ವಾರಕ್ಕೆ ನಲವತ್ತು ಸಾವಿರ ಸಲ ತೋಳು ತಿರುಗಬೇಕು. ಈಜುಪಟುಗಳ ಭುಜನೋವಿಗೆ ವೈದ್ಯರು ಬೇರೆ ಹೆಸರನ್ನೇ ಇಟ್ಟಿದ್ದಾರೆ, 'ಸ್ವಿಮ್ಮರ್ಸ್ ಶೋಲ್ಡರ್' ಎಂದು. ಹದಿನೇಳಕ್ಕೆ ನೀನು ಈಜು ಬಿಟ್ಟದ್ದು ಓದಿಗಾಗಿ ಎಂದು ನಿನ್ನ ಮಗಳಿಗೆ ಹೇಳಿರುತ್ತೀಯ. ಬಲಗೈಯಲ್ಲಿ ತಲೆ ಬಾಚಿಕೊಳ್ಳಲು ಆಗದೆ ಎಡಗೈಯಲ್ಲಿ ಬಾಚಿಕೊಳ್ಳುತ್ತಿದ್ದದ್ದನ್ನು ಹೇಳಿದ್ದೀಯಾ?

ಪತ್ರಿಕೆಯವರು ಗೆದ್ದವರನ್ನೆಲ್ಲ 'ಬಂಗಾರದ ಮೀನು' ಎಂದು ಬರೆಯುತ್ತಾರೆ. ಮೀನಿಗೆ ಬೆಳಗಿನ ನಾಲ್ಕೂವರೆಗೆ ಅಲಾರಂ ಇಡಬೇಕಾಗಿಲ್ಲ. ನಿನಗೆ ಗೊತ್ತಿದೆ, ಆದರೂ ನೆನಪಿಸುತ್ತೇನೆ: ಈ ಆಟದಲ್ಲಿ ಕಣ್ಣಿಗೆ ಕಾಣುವುದು ಕೊಳದ ತಳದ ಕಪ್ಪು ಪಟ್ಟಿಯೊಂದೇ. ಗೋಡೆಗೆ ಎರಡು ಮೀಟರ್ ಇರುವಾಗ ಅದು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಮುಗಿಯುತ್ತದೆ. ತಿರುಗು, ಮತ್ತೆ ಅದೇ ಪಟ್ಟಿ. ಕಿವಿಯಲ್ಲಿ ನೀರಿನ ಸದ್ದು ಬಿಟ್ಟು ಬೇರೆ ಇಲ್ಲ. ಜೊತೆಯಲ್ಲಿ ಹತ್ತು ಜನ ಈಜುತ್ತಿದ್ದರೂ ಮಾತಿಲ್ಲ. ಮಾತೆಲ್ಲ ಗೋಡೆ ಹಿಡಿದು ಏದುಸಿರು ಬಿಡುವ ಹತ್ತು ಸೆಕೆಂಡಿನಲ್ಲಿ ಮುಗಿಯಬೇಕು. ನಮ್ಮಿಬ್ಬರ ಸ್ನೇಹ ಪೂರ್ತಿ ಹತ್ತು ಹತ್ತು ಸೆಕೆಂಡಿನ ಕಂತಿನಲ್ಲಿ ಬೆಳೆದದ್ದು, ಅಲ್ಲವೇ? ಕ್ಲೋರಿನ್ ವಾಸನೆ ಎಷ್ಟು ಸೋಪು ಹಚ್ಚಿದರೂ ಹೋಗುತ್ತಿರಲಿಲ್ಲ. ತರಗತಿಯಲ್ಲಿ ಬೆವರಿದರೂ ಕೊಳದ ವಾಸನೆಯೇ.

ಬ್ಯಾಕ್‌ಸ್ಟ್ರೋಕ್‌ನವರಾದ ನಮಗೆ ಆ ಪಟ್ಟಿಯೂ ಇರಲಿಲ್ಲ. ನಮಗಿದ್ದದ್ದು ಬಾವುಟ.

ನಿನ್ನ ಹೆಂಡತಿ ಇದನ್ನು ಓದುತ್ತಾರೆ ಎಂದಿದ್ದೀಯ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೊಳದ ಎರಡೂ ತುದಿಯಲ್ಲಿ, ಗೋಡೆಯಿಂದ ಐದು ಮೀಟರ್ ಈಚೆಗೆ, ನೀರಿನ ಮೇಲೆ ಅಡ್ಡಲಾಗಿ ಬಣ್ಣದ ಬಾವುಟಗಳ ದಾರ ಕಟ್ಟಿರುತ್ತಾರೆ. ಅಂಗಾತ ಈಜುವವನಿಗೆ ಗೋಡೆ ಕಾಣುವುದಿಲ್ಲ. ತಲೆಯ ಮೇಲೆ ಬಾವುಟ ದಾಟಿದ ಕೂಡಲೇ ಕೈ ಎಣಿಸಲು ಶುರು ಮಾಡಬೇಕು. ನನಗೆ ನಾಲ್ಕು. ಒಂದು, ಎರಡು, ಮೂರು. ನಾಲ್ಕನೆಯದರಲ್ಲಿ ಬೋರಲಾಗಿ ಮಗುಚಿ, ಲಾಗ ಹಾಕಿ, ಗೋಡೆಗೆ ಕಾಲು ಕೊಟ್ಟು ಮತ್ತೆ ಅಂಗಾತ ಹೊರಡಬೇಕು. ಲೆಕ್ಕ ಒಂದು ಹೆಚ್ಚಾದರೆ ಗೋಡೆ ತಲೆಗೆ ಬರುತ್ತದೆ, ಕಡಿಮೆಯಾದರೆ ಕಾಲಿಗೆ ಗೋಡೆಯೇ ಸಿಗುವುದಿಲ್ಲ. ಹನ್ನೊಂದು ವರ್ಷ ನಾನು ನಾಲ್ಕು ಎಣಿಸಿದೆ. ನಿದ್ದೆಯಲ್ಲಿ ಕೇಳಿದರೂ ನಾಲ್ಕು ಎನ್ನುತ್ತಿದ್ದೆ.

ಈಗ ಆ ಕೂಟದ ವಿಷಯ. ಇಷ್ಟು ವರ್ಷ ನಿನಗೂ ಪೂರ್ತಿ ಹೇಳಿರಲಿಲ್ಲ. ದೇಶದ ಟೋಪಿ ಹಾಕಿಕೊಂಡು ನಾನು ಈಜಿದ್ದು ಅದೊಂದೇ ಸಲ, ಇಪ್ಪತ್ತಮೂರನೇ ವಯಸ್ಸಿನಲ್ಲಿ, 200 ಮೀಟರ್ ಬ್ಯಾಕ್‌ಸ್ಟ್ರೋಕ್ ಹೀಟ್ಸ್‌ನಲ್ಲಿ. ಕೂಟಕ್ಕೆ ಮೂರು ವಾರವಿರುವಾಗ ಟೇಪರ್ ಶುರುವಾಯಿತು, ಅಂದರೆ ಈಜಿನ ದೂರವನ್ನು ದಿನದಿನಕ್ಕೆ ಇಳಿಸಿ ಮೈಗೆ ವಿಶ್ರಾಂತಿ ಕೊಡುವುದು. ತಿಂಗಳುಗಟ್ಟಲೆ ದಣಿದ ಮೈ ಆಗ ಒಮ್ಮೆಲೇ ಹಗುರಾಗುತ್ತದೆ. ನೀರು ಕೈಗೆ ಗಟ್ಟಿಯಾಗಿ ಸಿಗುತ್ತದೆ. ಆ ಅನುಭವವನ್ನು ನಿನಗೆ ಬರೆದು ತಿಳಿಸಬೇಕಾಗಿಲ್ಲ.

ರೇಸಿಗೆ ಮುಂಚೆ ಈಜುಗಾರರನ್ನು ಕೂರಿಸುವ ಕಾಲ್ ರೂಮಿನಲ್ಲಿ ಎಂಟು ಜನ ಎಂಟು ಕುರ್ಚಿಯಲ್ಲಿ ಕುಳಿತಿದ್ದೆವು. ಯಾರೂ ಯಾರ ಮುಖ ನೋಡುವುದಿಲ್ಲ. ನನ್ನ ಪಕ್ಕದವನು ತೊಡೆಗೆ ಪಟಪಟ ಹೊಡೆದುಕೊಳ್ಳುತ್ತಿದ್ದ. ಎದುರಿನವನು ಕನ್ನಡಕದ ಪಟ್ಟಿಯನ್ನು ಬಿಗಿ ಮಾಡುವುದು, ಸಡಿಲ ಮಾಡುವುದು, ಮತ್ತೆ ಬಿಗಿ ಮಾಡುವುದು. ರೇಸಿನ ಉಡುಪು ಎಷ್ಟು ಬಿಗಿಯೆಂದರೆ ಹಾಕಿಕೊಳ್ಳಲೇ ಇಪ್ಪತ್ತು ನಿಮಿಷ ಹಿಡಿದಿತ್ತು. ಮೂತ್ರಕ್ಕೆ ಹೋಗಬೇಕೆನ್ನಿಸಿತು, ಹೋಗಲಿಲ್ಲ. ಹೊರಗೆ ಕರೆದರು.

ಮೊದಲ ಐವತ್ತು ಮೀಟರ್ ನನ್ನ ಜೀವನದಲ್ಲೇ ಅತ್ಯಂತ ಚೆನ್ನಾಗಿ ಈಜಿದ ಐವತ್ತು ಮೀಟರ್. ಬಾವುಟ ತಲೆಯ ಮೇಲೆ ಸರಿಯಿತು. ಒಂದು, ಎರಡು, ಮೂರು, ನಾಲ್ಕು. ಮಗುಚಿದಾಗ ಗೋಡೆ ಮೂಗಿನ ಮುಂದೆಯೇ ಇತ್ತು. ಮೈ ಹಗುರಾಗಿತ್ತು, ಒಂದೊಂದು ಕೈಗೂ ಎಂದಿಗಿಂತ ಹೆಚ್ಚು ದೂರ ಹೋಗುತ್ತಿದ್ದೆ, ಆದ್ದರಿಂದ ಆ ದಿನ ನನಗೆ ಬೇಕಿದ್ದದ್ದು ಮೂರೇ ಕೈ. ಹನ್ನೊಂದು ವರ್ಷದ ಲೆಕ್ಕ ನಾನು ಚೆನ್ನಾಗಿ ಈಜಿದ ದಿನವೇ ತಪ್ಪಾಯಿತು. ಮೊಣಕಾಲು ಎದೆಗೆ ಸಿಕ್ಕಿಕೊಂಡಿತು, ಗೋಡೆಯನ್ನು ಒದೆಯಲು ಕಾಲಿನಲ್ಲಿ ಜಾಗವೇ ಇರಲಿಲ್ಲ, ನೀರೊಳಗೆ ಸಿಗಬೇಕಿದ್ದ ಓಟ ಸಿಗಲಿಲ್ಲ. ಮುಂದಿನ ಎರಡು ತಿರುವಿನಲ್ಲಿ ಅನುಮಾನ ಹೊಕ್ಕಿತು: ಮೂರೋ ನಾಲ್ಕೋ? ಅನುಮಾನದಿಂದ ಕತ್ತು ತಿರುಗಿಸಿ ಗೋಡೆ ನೋಡಿದೆ. ಆರನೆಯವನಾಗಿ ಮುಟ್ಟಿದೆ, ನನ್ನ ಅತ್ಯುತ್ತಮ ಸಮಯಕ್ಕಿಂತ ಒಂದೂಕಾಲು ಸೆಕೆಂಡು ತಡವಾಗಿ. ಎರಡು ನಿಮಿಷ ಚಿಲ್ಲರೆಯಲ್ಲಿ ಅಂತರರಾಷ್ಟ್ರೀಯ ವೃತ್ತಿಜೀವನ ಮುಗಿದಿತ್ತು.

ಬೀಜಿಂಗ್‌ನಲ್ಲಿ 2008ರ 200 ಮೀಟರ್ ಬಟರ್‌ಫ್ಲೈ ಫೈನಲ್‌ನಲ್ಲಿ ಮೈಕೆಲ್ ಫೆಲ್ಪ್ಸ್‌ನ ಕನ್ನಡಕಕ್ಕೆ ನೀರು ತುಂಬಿಕೊಂಡು ಏನೂ ಕಾಣದಾಯಿತು. ಅವನು ಕೈ ಎಣಿಸಿಕೊಂಡೇ ಈಜಿ 1:52.03ರ ವಿಶ್ವದಾಖಲೆಯೊಂದಿಗೆ ಗೆದ್ದ. ನಾನೂ ಎಣಿಸಿದೆ, ಅವನೂ ಎಣಿಸಿದ. ವ್ಯತ್ಯಾಸ ಇಷ್ಟೇ: ಅವನಿಗೆ ರೇಸಿನ ದಿನದ ಲೆಕ್ಕ ಗೊತ್ತಿತ್ತು, ನನಗೆ ಅಭ್ಯಾಸದ ದಿನದ ಲೆಕ್ಕ ಗೊತ್ತಿತ್ತು. ವರ್ಷಕ್ಕೆ ಆರು ಕೂಟಗಳಲ್ಲಿ ಈಜಿದವನಿಗೂ ನಾಲ್ಕು ವರ್ಷಕ್ಕೊಮ್ಮೆ ಈಜಿದವನಿಗೂ ಇರುವ ಅಂತರ ಅದು. ದೂರಕ್ಕಿಂತ, ಬೆವರಿಗಿಂತ, ದೊಡ್ಡ ಕೂಟಗಳ ಅನುಭವ ಮುಖ್ಯ ಎಂದು ನನಗೆ ತಿಳಿದದ್ದು ತಿಳಿದು ಪ್ರಯೋಜನವಿಲ್ಲದ ಹೊತ್ತಿಗೆ.

ನೂರನೇ ಒಂದು ಸೆಕೆಂಡು ಎನ್ನುತ್ತೇವೆ. ಅದು ಎಷ್ಟು ಎಂದು ಒಮ್ಮೆ ಅಳೆದು ನೋಡು. ಅತಿ ವೇಗದ ಫ್ರೀಸ್ಟೈಲ್‌ನಲ್ಲೂ ಅದು ಎರಡು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು, ಅಂದರೆ ಬೆರಳಿನ ಒಂದು ಗೆಣ್ಣು. ಪ್ಯಾರಿಸ್‌ನ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಇಟಲಿಯ ಮಾರ್ಟಿನೆಂಗಿ 59.03ಕ್ಕೆ ಮುಟ್ಟಿದ, 56.88ರ ವಿಶ್ವದಾಖಲೆ ಕೈಯಲ್ಲಿದ್ದ ಆ್ಯಡಮ್ ಪೀಟಿ 59.05ಕ್ಕೆ. 1972ರಲ್ಲಿ ಮ್ಯೂನಿಕ್‌ನಲ್ಲಿ ಇನ್ನೂ ವಿಪರೀತವಾಗಿತ್ತು: 400 ಮೀಟರ್ ಮೆಡ್ಲೆಯಲ್ಲಿ ಸ್ವೀಡನ್ನಿನ ಲಾರ್ಸನ್ ಅಮೆರಿಕದ ಮೆಕ್ಕಿಯನ್ನು ಸೆಕೆಂಡಿನ ಸಾವಿರದಲ್ಲಿ ಎರಡು ಪಾಲಿನಿಂದ ಸೋಲಿಸಿದ. ಆ ವೇಗಕ್ಕೆ ಅದು ಮೂರು ಮಿಲಿಮೀಟರ್. ಐವತ್ತು ಮೀಟರಿನ ಗೋಡೆಯನ್ನು ಅಷ್ಟು ಕರಾರುವಾಕ್ಕಾಗಿ ಕಟ್ಟುವ ಗಾರೆಯವನು ಎಲ್ಲಿದ್ದಾನೆ? ಆಮೇಲೆ ನೂರನೇ ಒಂದಕ್ಕಿಂತ ಸಣ್ಣ ಅಳತೆಯನ್ನು ಬಿಟ್ಟುಬಿಟ್ಟರು. ಈಗ ಸಮ ಬಂದರೆ ಸಮವೇ, ಇಬ್ಬರಿಗೂ ಪದಕ. ಈ ಆಟದ ನಿಯಮಗಳಲ್ಲಿ ನನಗೆ ಅತ್ಯಂತ ಮರ್ಯಾದೆಯದ್ದೆಂದು ತೋರುವುದು ಇದು.

ಅರ್ಹತೆಯ ವ್ಯವಹಾರವೂ ನಿನಗೆ ಗೊತ್ತಿರಲಿ. ಒಲಿಂಪಿಕ್ಸ್‌ಗೆ ಒಂದು ಸ್ಪರ್ಧೆಗೆ ಒಂದು ದೇಶದಿಂದ ಹೆಚ್ಚೆಂದರೆ ಇಬ್ಬರು. ಈಜಿನಲ್ಲಿ ಬಲವಾದ ದೇಶದಲ್ಲಿ ಮೂರನೆಯವನಾಗಿ ಬಂದವನು ಜಗತ್ತಿನ ಮೊದಲ ಹತ್ತರಲ್ಲಿದ್ದರೂ ಮನೆಯಲ್ಲೇ ಕುಳಿತು ಟೀವಿ ನೋಡಬೇಕು. ದುರ್ಬಲ ದೇಶದವರಿಗೆ ಇನ್ನೊಂದು ದಾರಿ, ಎಲ್ಲ ದೇಶಗಳಿಗೂ ಪ್ರಾತಿನಿಧ್ಯ ಸಿಗಲಿ ಎಂಬ ಕೋಟಾ. ಸಿಡ್ನಿಯಲ್ಲಿ ಈಕ್ವಟೋರಿಯಲ್ ಗಿನಿಯ ಎರಿಕ್ ಮುಸಂಬಾನಿ 100 ಮೀಟರನ್ನು 1:52.72ಕ್ಕೆ ಒಬ್ಬನೇ ಈಜಿ ಮುಗಿಸಿದ್ದು ಹಾಗೆ ಬಂದೇ. ಜೊತೆಯ ಇಬ್ಬರು ತಪ್ಪು ಆರಂಭಕ್ಕೆ ಹೊರಬಿದ್ದಿದ್ದರು. ನಡುವಿನ ದಾರಿಯೇ ಕಠಿಣ: ನಿಗದಿತ 'ಎ' ಸಮಯವನ್ನು ಮುಟ್ಟುವುದು. 2021ರಲ್ಲಿ ಸಾಜನ್ ಪ್ರಕಾಶ್ ರೋಮ್‌ನಲ್ಲಿ 200 ಮೀಟರ್ ಬಟರ್‌ಫ್ಲೈಯನ್ನು 1:56.38ಕ್ಕೆ ಮುಗಿಸಿದಾಗ ಆ ಗೆರೆ ಇದ್ದದ್ದು 1:56.48ಕ್ಕೆ. 0.10 ಸೆಕೆಂಡು. ಆ ಗೆರೆಯನ್ನು ದಾಟಿದ ಮೊದಲ ಭಾರತೀಯ ಅವನೇ. ಈ ಸುದ್ದಿ ಓದಿದ ದಿನ ನಿನಗೆ ಫೋನ್ ಮಾಡಿದ್ದೆ, ನೆನಪಿರಬಹುದು. ಇಬ್ಬರೂ ಹೆಚ್ಚು ಮಾತಾಡಲಿಲ್ಲ.

ರೇಸಿನ ಬಿಗಿ ಉಡುಪಿನ ಬಗ್ಗೆಯೂ ಕೇಳಿದ್ದೀಯ. ಈಗಲೇ ಬೇಡ. ಕೂಸು ಹುಟ್ಟುವುದಕ್ಕೆ ಮುಂಚೆ ಕುಲಾವಿ ಹೊಲಿಸಿದಂತಾಗುತ್ತದೆ. ಹನ್ನೆರಡರ ಹುಡುಗಿಗೆ ತಿಂಗಳಿಗೊಮ್ಮೆ ಅಳತೆ ಬದಲಾಗುತ್ತದೆ, ಆ ಬಟ್ಟೆ ಕೆಲವೇ ರೇಸುಗಳಲ್ಲಿ ಬಿಗಿ ಕಳೆದುಕೊಳ್ಳುತ್ತದೆ. ಬಟ್ಟೆಯ ಹುಚ್ಚಿಗೆ 2009ರ ರೋಮ್ ಸಾಕ್ಷಿ: ಪಾಲಿಯುರೆಥೇನ್ ಉಡುಪು ತೊಟ್ಟು ಒಂದೇ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 43 ವಿಶ್ವದಾಖಲೆ ಮುರಿದರು, 2010ರ ಜನವರಿಯಿಂದ ಆ ಉಡುಪನ್ನೇ ನಿಷೇಧಿಸಬೇಕಾಯಿತು.

ಇನ್ನೊಂದು ವಿಷಯ, ಇದನ್ನು ಯಾವ ತರಬೇತುದಾರರೂ ಮೊದಲ ದಿನ ಹೇಳುವುದಿಲ್ಲ. ಅವಳು ನಿಜಕ್ಕೂ ಮೇಲಿನ ಮಟ್ಟಕ್ಕೆ ಹೋದರೆ, ಪ್ರತಿದಿನ ಯಾವ ಒಂದು ಗಂಟೆ ಎಲ್ಲಿರುತ್ತೇನೆ ಎಂದು ಮುಂಚಿತವಾಗಿ ಬರೆದು ಕೊಡಬೇಕಾಗಬಹುದು. ಉದ್ದೀಪನ ಮದ್ದಿನ ಪರೀಕ್ಷಕರು ಆ ಗಂಟೆಯಲ್ಲಿ ಬಂದು ಬಾಗಿಲು ತಟ್ಟಬಹುದು. ಹನ್ನೆರಡು ತಿಂಗಳಲ್ಲಿ ಮೂರು ಸಲ ತಪ್ಪಿದರೆ, ಒಂದು ಗುಳಿಗೆಯನ್ನೂ ಮುಟ್ಟದಿದ್ದರೂ, ಅದು ಅಪರಾಧವೇ. ನೆಗಡಿಗೆ ಔಷಧಿ ಕೊಡುವಾಗಲೂ ಪಟ್ಟಿ ನೋಡಬೇಕು. ಮದುವೆ ಮನೆಗೆ ಹೊರಟರೂ ವಿಳಾಸ ತಿದ್ದಬೇಕು. ಇದು ಅನ್ಯಾಯವೆಂದು ನಾನು ಹೇಳುತ್ತಿಲ್ಲ, ಬೇಕಾದದ್ದೇ. ಆದರೆ ಇದೂ ಆ ಜೀವನದ ಭಾಗ.

ಮತ್ತು ಮೈ. ಮುಂದಿನ ಎರಡು ಮೂರು ವರ್ಷದಲ್ಲಿ ಅವಳ ಮೈ ಬದಲಾಗುತ್ತದೆ. ಈಗ ತಿಂಗಳು ತಿಂಗಳಿಗೂ ಇಳಿಯುತ್ತಿರುವ ಸಮಯ ಒಂದು ದಿನ ನಿಂತುಬಿಡಬಹುದು. ವರ್ಷವಿಡೀ ನಿಂತಿರಬಹುದು. ತನ್ನ ತಪ್ಪೇನೂ ಇಲ್ಲದೆ ಹೀಗಾಯಿತೆಂದು ಹದಿನಾಲ್ಕರ ಹುಡುಗಿಗೆ ಅರ್ಥವಾಗುವುದು ಕಷ್ಟ. ನೀರಿನಲ್ಲಿ ತೂಕದ ಮಾತೆತ್ತುವ ದೊಡ್ಡವರು ಪಕ್ಕದಲ್ಲಿದ್ದರೆ ಇನ್ನೂ ಕಷ್ಟ. ನಾನು ಕಂಡ ಚೆನ್ನಾದ ಈಜುಗಾರ್ತಿಯರಲ್ಲಿ ಅರ್ಧಕ್ಕರ್ಧ ಮಂದಿ ಬಿಟ್ಟದ್ದು ಆ ವಯಸ್ಸಿನಲ್ಲೇ. ಬಿಟ್ಟದ್ದು ಈಜು ಬರದೆ ಅಲ್ಲ, ಆ ಒಂದು ವರ್ಷ ಜೊತೆಗೆ ಸುಮ್ಮನೆ ನಿಲ್ಲುವವರು ಇರಲಿಲ್ಲ. ಆಗ ನೀನು ಗಡಿಯಾರ ಹಿಡಿದು ದಂಡೆಯಲ್ಲಿ ನಿಂತಿರಬಾರದು. ಟವೆಲ್ ಹಿಡಿದು ನಿಂತಿದ್ದರೆ ಸಾಕು.

ಹಾಗಾದರೆ ಎರಡೂ ಹೊತ್ತು ಇಳಿಸಲೇ ಎಂಬ ನಿನ್ನ ಪ್ರಶ್ನೆ. ನಾನಾದರೆ ಈ ವರ್ಷ ವಾರಕ್ಕೆ ಎರಡು ದಿನ ಮಾತ್ರ ಎರಡು ಹೊತ್ತು ಇಳಿಸುತ್ತಿದ್ದೆ, ಒಂದು ದಿನ ಪೂರ್ತಿ ಒಣ. ನಾಲ್ಕೂ ಬಗೆಯ ಈಜನ್ನೂ ಮಾಡಲಿ; 'ಇವಳು ಬ್ಯಾಕ್‌ಸ್ಟ್ರೋಕ್‌ನವಳು' ಎಂದು ಈಗಲೇ ಚೀಟಿ ಅಂಟಿಸುವುದು ಬೇಡ. 2028ರ ಲಾಸ್ ಏಂಜಲೀಸ್‌ನಿಂದ ಬ್ಯಾಕ್‌ಸ್ಟ್ರೋಕ್, ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈಗಳ 50 ಮೀಟರ್ ಸ್ಪರ್ಧೆಗಳೂ ಒಲಿಂಪಿಕ್ಸ್‌ಗೆ ಬರುತ್ತಿವೆ. ಅವಳು ಬೆಳೆಯುವ ಹೊತ್ತಿಗೆ ಯಾವ ಬಾಗಿಲು ತೆರೆದಿರುತ್ತದೋ ಯಾರು ಬಲ್ಲರು. ಸಣ್ಣಪುಟ್ಟ ಕೂಟಗಳಿಗೆಲ್ಲ ಕರೆದುಕೊಂಡು ಹೋಗು, ಸೋಲುವ ಕೂಟಗಳಿಗೂ. ನನಗೆ ಕೊರತೆಯಾದದ್ದು ಅದೇ. ಮತ್ತು ಒಂದು ಮಾತನ್ನು ಅವಳಿಗೆ ಎದುರಿಗೇ ಹೇಳು: ಬಿಡಬೇಕೆನ್ನಿಸಿದ ದಿನ ಬಂದು ಹೇಳಬಹುದು, ಅಪ್ಪ ಮುಖ ಸಿಂಡರಿಸುವುದಿಲ್ಲ. ನಿನಗೆ ಆ ಮಾತು ಹೇಳುವವರಿರಲಿಲ್ಲ, ಭುಜದ ನೋವನ್ನು ಆರು ತಿಂಗಳು ಮುಚ್ಚಿಟ್ಟೆ.

ತರಬೇತುದಾರರ ಜೊತೆ ಜಗಳಕ್ಕೆ ಇಳಿಯಬೇಡ. ಅವರು ಹೇಳಿದ್ದು ಸುಳ್ಳಿರಲಾರದು; ನೀನು ಕಳುಹಿಸಿದ ವಿಡಿಯೊ ನಾನೂ ನೋಡಿದೆ. ತಲೆ ಅಲುಗುವುದಿಲ್ಲ, ಸೊಂಟ ಮೇಲಿದೆ. ನಮಗಿಬ್ಬರಿಗೂ ಹನ್ನೆರಡಕ್ಕೆ ಅಷ್ಟು ಚೆಂದ ಬರುತ್ತಿರಲಿಲ್ಲ.

ಮುಂದಿನ ಪತ್ರದಲ್ಲಿ ಅವಳ ಸಮಯ ಬರೆಯಬೇಡ. ಬಾವುಟದಿಂದ ಗೋಡೆಗೆ ಎಷ್ಟು ಕೈ ಎಂದು ಅವಳನ್ನೇ ಕೇಳಿ ಬರೆ. ದಣಿದಿರುವಾಗ ಎಷ್ಟು, ಹಗುರಾಗಿರುವಾಗ ಎಷ್ಟು, ಎರಡನ್ನೂ.

ನಿನ್ನ,
ಪಕ್ಕದ ಲೇನಿನವನು